ಒಂದನೇ ನಂಬರಿನ ಬ್ಯಾಟರಿಯವರಿಗೆ: ಅಕ್ಕನ ಮಂಚದ ಜಾಗ ತೆರವು ಮಾಡುವ ಬಗ್ಗೆ

ಮಾನ್ಯ ಒಂದನೇ ನಂಬರಿನ ಬ್ಯಾಟರಿಯವರೇ,

ಹತ್ತು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದದ ಈ ಮನೆಯ ಕಿಟಕಿ ಪಕ್ಕದ ಮೂಲೆಯಲ್ಲಿ, ಅಂದರೆ ನನ್ನ ಹೆಂಡತಿಯ ಅಕ್ಕನವರ ಮಂಚ ಇರಬೇಕಾಗಿದ್ದ ಜಾಗದಲ್ಲಿ, ಒಂಬತ್ತು ಮಂದಿ ಕಿರಿಯ ಸಹೋದ್ಯೋಗಿಗಳ ನಡುವೆ ಗಂಭೀರವಾಗಿ ವಿರಾಜಮಾನರಾಗಿರುವ ತಮಗೆ, ಇದೇ ಮನೆಯ ಅಟ್ಟದ ಮೇಲೆ ತಲೆ ಬಗ್ಗಿಸಿಕೊಂಡು ಬದುಕುತ್ತಿರುವ ನಾನು ಸವಿನಯವಾಗಿ ಸಲ್ಲಿಸುವ ನಮಸ್ಕಾರಗಳು. ತಲೆ ಬಗ್ಗಿಸಿರುವುದು ಬರೀ ವಿನಯಕ್ಕಲ್ಲ, ಅಟ್ಟದ ಎತ್ತರ ಮೂರೂಕಾಲು ಅಡಿ ಎಂಬ ಕಾರಣಕ್ಕೂ ಹೌದು ಎಂಬುದನ್ನು ಆರಂಭದಲ್ಲೇ ನಿವೇದಿಸಿಕೊಳ್ಳುತ್ತೇನೆ. ತಾವು ಕ್ಷೇಮವೆಂದು ಬಲವಾಗಿ ನಂಬಿದ್ದೇನೆ. ನಂಬದೇ ಇರಲು ಕಾರಣವಿಲ್ಲ, ಏಕೆಂದರೆ ಈ ಮನೆಗೆ ಇರುವ ಒಂದೇ ಒಂದು ಫ್ಯಾನಿನ ಮುಖ ನಾಲ್ಕು ತಿಂಗಳಿನಿಂದ ತಮ್ಮ ಕಡೆಗೇ ಇದೆ.

ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ತಮ್ಮ ಎದುರಿನ ಗೋಡೆಗೂ, ಇನ್ನೊಂದನ್ನು ಹೊರಬಾಗಿಲಿಗೂ ಅಂಟಿಸಲಾಗಿದೆ. ಮೂರನೆಯ ಪ್ರತಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಆಕೆ ಮೊದಲ ವಾಕ್ಯ ಓದಿ, ಮುಗಿಯುವವರೆಗೆ ಉಸಿರು ಹಿಡಿದುಕೊಂಡಿರಲು ತನಗಾಗುವುದಿಲ್ಲವೆಂದು ವಾಪಸು ಕೊಟ್ಟಿದ್ದಾಳೆ.

ತಾವು ನನ್ನನ್ನು ಬಲ್ಲಿರಾದರೂ ಬಾಗಿಲಲ್ಲಿ ನಿಂತು ಓದುವವರಿಗಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ. ಮೂವತ್ತಮೂರು ವರ್ಷ ಒಂದೇ ಕಚೇರಿಯ ಒಂದೇ ಶಾಖೆಯಲ್ಲಿ ಕೂತು ನೌಕರರ ಜ್ಯೇಷ್ಠತಾ ಪಟ್ಟಿ ತಯಾರಿಸಿದವನು ನಾನು. ಯಾರು ಯಾರಿಗಿಂತ ಎಷ್ಟು ದಿನ ಮೊದಲು ಕೆಲಸಕ್ಕೆ ಸೇರಿದರು, ಒಂದೇ ದಿನ ಸೇರಿದ್ದರೆ ಯಾರು ಮೊದಲು ಹುಟ್ಟಿದರು, ಒಂದೇ ದಿನ ಹುಟ್ಟಿದ್ದರೆ ಯಾರು ಬೆಳಿಗ್ಗೆ ಬಂದು ಸಹಿ ಹಾಕಿದರು ಎಂಬುದನ್ನೆಲ್ಲ ಕೂದಲು ಸೀಳಿದ ಹಾಗೆ ಸೀಳಿ ಪಟ್ಟಿಗಿಳಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಕೊಂಡ ದಿನಾಂಕದ ಪ್ರಕಾರ ಜೋಡಿಸಿದಾಗ, ಉಪ್ಪು ಎಲ್ಲಿದೆ ಎಂದು ಹುಡುಕಿ ಹುಡುಕಿ ಸಾಕಾದ ನನ್ನ ಹೆಂಡತಿ ಎರಡು ದಿನ ಸಪ್ಪೆ ಅಡುಗೆಯನ್ನೇ ಬಡಿಸಿದಳು.

ನನ್ನ ಹೆಂಡತಿಯೂ ಕಡಿಮೆಯವಳಲ್ಲ. ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯನ್ನು ನಡೆಸಿದವಳು, ದಿನಕ್ಕೆ ಇನ್ನೂರು ತಟ್ಟೆ ಲೆಕ್ಕ ಹಾಕಿದವಳು. ಇಬ್ಬರೂ ಕೆಲಸ ಬಿಟ್ಟ ಮೇಲೆ, ಇನ್ನು ದೊಡ್ಡ ಮನೆ ಗುಡಿಸುವ ಶಕ್ತಿ ಯಾರಿಗೂ ಬೇಡ ಎಂದು ಈ ಚಿಕ್ಕ ಮನೆಯನ್ನು ಕಟ್ಟಿಸಿದೆವು. ಇಷ್ಟು ಚಿಕ್ಕ ಮನೆಗೆ ಒಪ್ಪಲು ಆಕೆ ಹಾಕಿದ ಷರತ್ತು ಒಂದೇ. ಕಿಟಕಿ ಪಕ್ಕದಲ್ಲಿ, ನೆಲಕ್ಕೆ ಹತ್ತಿರವಾಗಿ, ಅಕ್ಕನಿಗೆ ಒಂದು ಮಂಚ ಇರಬೇಕು. ಅಕ್ಕನಿಗೆ ಮಂಡಿ ನೋವು, ಏಣಿ ಹತ್ತಲಾಗುವುದಿಲ್ಲ. ತಾಯಿ ತೀರಿಕೊಂಡಾಗ ಓದು ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ಹೆಡ್‌ಫೋನ್ ಸಿಕ್ಕಿಸಿಕೊಂಡೇ ತಂಗಿಯನ್ನು ಬೆಳೆಸಿದ ಅಕ್ಕ ಆಕೆ. ಒಂದಲ್ಲ ಒಂದು ದಿನ ಅವಳು ಇಲ್ಲಿಗೆ ಬಂದು ಇರುತ್ತಾಳೆ ಎಂದು ನನ್ನ ಹೆಂಡತಿ ಇಟ್ಟಿಗೆ ಇಡುವ ಮೊದಲೇ ನಿರ್ಧರಿಸಿದ್ದಳು. ಬಡಗಿಯಿಂದ ಮಂಚ ಮಾಡಿಸಿ, ಆ ಮೂಲೆಗೆ ಅಳತೆ ಹಿಡಿದು ಕೂರಿಸಿದ್ದೂ ಆಯಿತು.

ವಿದ್ಯುತ್ ಕಂಬಗಳು ನಮ್ಮ ಮನೆಗೆ ಒಂಬತ್ತು ಕಂಬ ದೂರದಲ್ಲಿ ನಿಂತುಬಿಟ್ಟಿದ್ದರಿಂದ ಮಾಡಿನ ಮೇಲೆ ಮೂರು ಸೋಲಾರ್ ಪ್ಯಾನೆಲ್ ಹಾಕಿಸಿದೆವು. ಅದನ್ನು ಹಾಕಿಕೊಟ್ಟವಳು ರಸ್ತೆಯ ತಿರುವಿನಲ್ಲಿರುವ ಎಲೆಕ್ಟ್ರಿಷಿಯನ್ ಹೆಂಗಸು. ತುರುಬಿಗೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುವುದರಿಂದ ಅವಳನ್ನು ಎಲ್ಲರೂ ಟೆಸ್ಟರಮ್ಮ ಎನ್ನುತ್ತಾರೆ. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡಲು ಆಕೆ ಎರಡು ಹೊಸ ಬ್ಯಾಟರಿಗಳನ್ನು ತಂದಳು. ಅವರೇ ಈಗಿನ ಎರಡನೇ ಮತ್ತು ಮೂರನೇ ನಂಬರಿನವರು. ಆಗ ತಾವು ಎಲ್ಲಿದ್ದಿರಿ ಎಂದು ನೆನಪಿಸಲೇ? ತಾವು ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇನ್ವರ್ಟರಿಗೆ ದುಡಿದು, ಸಾಮಾನಿನ ಲಾರಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು ಬಂದಿದ್ದಿರಿ.

ಹಳೆಯ ಬ್ಯಾಟರಿಯನ್ನು ಹೊಸದರ ಜೊತೆ ಸೇರಿಸಬಾರದೆಂದು ಟೆಸ್ಟರಮ್ಮ ಅವತ್ತೇ ಹೇಳಿದಳು. ಜೋಡಿಸಿದ ಮೇಲೆ ಎಲ್ಲರೂ ಕೈಕೈ ಹಿಡಿದು ನಿಂತವರಂತೆ, ಒಬ್ಬರು ಕುಸಿದರೆ ಎಲ್ಲರನ್ನೂ ಎಳೆಯುತ್ತಾರೆ ಎಂಬುದು ಅವಳ ವಾದ. ನಾನು ತಮ್ಮ ವಾರಂಟಿ ಕಾರ್ಡನ್ನು ತೆಗೆದು ಅವಳ ಮುಂದೆ ಹಿಡಿದೆ. ಅರವತ್ತು ತಿಂಗಳ ಸೇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿಸಿದೆ, ಇಪ್ಪತ್ತನಾಲ್ಕು ಮುಗಿದಿದೆ, ಮೂವತ್ತಾರು ಬಾಕಿ ಇದೆ, ಯಾವ ತಪ್ಪೂ ಸಾಬೀತಾಗದೆ ಒಬ್ಬ ನೌಕರನನ್ನು ಅವಧಿಗೆ ಮುಂಚೆ ಮನೆಗೆ ಕಳಿಸಲು ಯಾವ ನಿಯಮದಲ್ಲೂ ಅವಕಾಶವಿಲ್ಲ ಎಂದೆ. ಅವಳು ತುರುಬಿನಿಂದ ಟೆಸ್ಟರ್ ತೆಗೆದು ಮತ್ತೆ ಸಿಕ್ಕಿಸಿಕೊಂಡಳು. ಬೈಗುಳ ನುಂಗಿಕೊಳ್ಳುವ ಅವಳ ಪದ್ಧತಿ ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಅಂತೂ ತಮ್ಮ ಮೈಮೇಲೆ ಬಿಳಿ ಬಣ್ಣದಲ್ಲಿ ಒಂದು ಎಂದು ಬರೆದೆ, ಹೊಸಬರಿಬ್ಬರಿಗೆ ಎರಡು, ಮೂರು ಎಂದು ಬರೆದೆ. ಮೂವರನ್ನೂ ಬಾಗಿಲ ಪಕ್ಕದ ಬೆಂಚಿನ ಕೆಳಗೆ ಸೇವಾ ಹಿರಿತನದ ಕ್ರಮದಲ್ಲಿ ಕೂರಿಸಿದೆ.

ಹತ್ತು ತಿಂಗಳು ಹೇಗೋ ಉರುಳಿದವು. ಅಷ್ಟರಲ್ಲಿ ಅಕ್ಕನಿಂದ ಫೋನ್ ಬಂತು. ನಿದ್ದೆಯಲ್ಲಿ ಅವಳ ಉಸಿರು ಆಗಾಗ ನಿಂತುಹೋಗುತ್ತದಂತೆ, ರಾತ್ರಿಯಿಡೀ ಮೂಗಿಗೆ ಗಾಳಿ ಊದುವ ಒಂದು ಯಂತ್ರ ಹಾಕಿಕೊಂಡೇ ಮಲಗಬೇಕೆಂದು ಡಾಕ್ಟರು ಹೇಳಿದ್ದಾರಂತೆ, ಇನ್ನು ಒಬ್ಬಳೇ ಇರುವುದು ಬೇಡವೆಂದೂ ಹೇಳಿದ್ದಾರಂತೆ. ಅವಳು ಇದನ್ನೆಲ್ಲ ಬೇರೆ ಯಾರದ್ದೋ ಸಮಾಚಾರ ಹೇಳಿದ ಹಾಗೆ ಹೇಳಿ, ನಿಮಗೆ ತೊಂದರೆಯಾದರೆ ಬೇಡ ಎಂದಳಂತೆ. ನನ್ನ ಹೆಂಡತಿ ಫೋನಿಟ್ಟವಳೇ ಮಂಚದ ಧೂಳು ಒರೆಸಲು ಶುರುಮಾಡಿದಳು. ಆ ಯಂತ್ರಕ್ಕೆ ಎಷ್ಟು ಕರೆಂಟು ಬೇಕು, ನಮ್ಮಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕುವ ಭಾರ ನನ್ನ ಮೇಲೆ ಬಿತ್ತು. ತಮ್ಮ ಬಳಗ ಬೆಳೆದದ್ದು ಹೀಗೆ. ಈ ಬೆಳವಣಿಗೆಯ ಇತಿಹಾಸವನ್ನು ತಾವು ಹೆಮ್ಮೆಯಿಂದ ಕೇಳಬೇಕಾಗಿ ಪ್ರಾರ್ಥನೆ.

ಟೆಸ್ಟರಮ್ಮ ಒಂದು ಹಾಳೆ ಕೊಟ್ಟು, ಮನೆಯಲ್ಲಿರುವ ಪ್ರತಿಯೊಂದು ಸಾಮಾನು ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಎಂದು ತುಂಬಿಸಿಕೊಡಿ ಎಂದಳು. ಅಕ್ಕನ ಯಂತ್ರ ನಲವತ್ತು ವ್ಯಾಟ್, ಎಂಟು ಗಂಟೆ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಬಾರದೆಂಬ ನಿಯಮವನ್ನು ಸೇರಿಸಿದರೂ ಅದಕ್ಕೆ ಅರ್ಧ ಬ್ಯಾಟರಿ ಸಾಕು. ಹೌದು, ಅರ್ಧ. ಈ ಮಾತನ್ನು ದಯವಿಟ್ಟು ಅಡಿಗೆರೆ ಹಾಕಿ ಓದಿಕೊಳ್ಳಬೇಕು.

ಆ ಹಾಳೆ ಮೊದಲು ಹೆಂಡತಿಯ ಕೈಗೆ ಹೋಯಿತು. ಇನ್ನೂರು ತಟ್ಟೆ ಎಂದರೆ ಇನ್ನೂರ ಇಪ್ಪತ್ತಕ್ಕೆ ಬೇಯಿಸಿ ರೂಢಿಯಿದ್ದ ಆಕೆ, ಯಾರಾದರೂ ಬಂದರೆ ಎಂದುಕೊಂಡು ಪ್ರತಿಯೊಂದು ಸಾಲಿಗೂ ಒಂದೊಂದು ಸೌಟು ಹೆಚ್ಚಿಗೆ ಸುರಿದಳು. ಯಾರಾದರೂ ಬಂದರೆ ಅವರ ಫೋನು, ಅವರ ದೀಪ, ಅವರು ಸ್ನಾನ ಮಾಡುವ ನೀರು ಏರಿಸುವ ಪಂಪು. ಅರ್ಧ ಇದ್ದದ್ದು ಒಂದಾಯಿತು. ಆಮೇಲೆ ಹಾಳೆ ನನ್ನ ಹತ್ತಿರ ಬಂತು. ಯಾವ ಬೇಡಿಕೆ ಕಳಿಸಿದರೂ ಮೇಲಿನವರು ಅರ್ಧಕ್ಕೆ ಕತ್ತರಿಸುತ್ತಾರೆ ಎಂಬುದು ನನ್ನ ಮೂವತ್ತಮೂರು ವರ್ಷದ ಅನುಭವ, ಹಾಗಾಗಿ ಎಲ್ಲವನ್ನೂ ಎರಡರಷ್ಟು ಮಾಡಿ ಬರೆದೆ. ಆದರೆ ಈ ಮನೆಯಲ್ಲಿ ಮೇಲಿನವರು ಎಂದರೆ ಅಟ್ಟದ ಮೇಲಿರುವ ನಾನೇ ತಾನೆ. ನನ್ನ ಅರ್ಜಿಯನ್ನು ನಾನೇ ಮಂಜೂರು ಮಾಡುವ ಯೋಗ ಜೀವಮಾನದಲ್ಲಿ ಮೊದಲ ಸಲ ಕೂಡಿಬಂದದ್ದರಿಂದ, ಅರ್ಜಿದಾರನ ಮುಖ ನೋಡಿ ಕತ್ತರಿಸಲು ಮನಸ್ಸೇ ಬರಲಿಲ್ಲ. ಒಂದು ಎರಡಾಯಿತು. ಕೊನೆಗೆ ಟೆಸ್ಟರಮ್ಮ, ನಾವು ಮೊದಲೇ ಸೇರಿಸಿದ್ದೇವೆಂಬುದು ತಿಳಿಯದೆ, ಎರಡು ದಿನ ಮೋಡ ಕವಿದರೆ ಎಂದು ತನ್ನ ಪಾಲನ್ನೂ ಸೇರಿಸಿದಳು. ಎರಡು ನಾಲ್ಕಾಯಿತು. ಮೂವರಿಗೂ ಅವರವರ ಜಾಣತನದ ಬಗ್ಗೆ ಒಳಗೊಳಗೇ ಸಮಾಧಾನವಿತ್ತು, ಒಬ್ಬರಿಗೊಬ್ಬರು ಬಾಯಿ ಬಿಡಲಿಲ್ಲ.

ಹೀಗೆ ನಾಲ್ಕು, ಐದು, ಆರು, ಏಳನೇ ನಂಬರಿನವರು ಒಂದೇ ದಿನ ಸೇವೆಗೆ ಸೇರಿದರು. ಬೆಂಚಿನ ಕೆಳಗೆ ಜಾಗ ಸಾಲದೆ ಇಬ್ಬರನ್ನು ಅಡುಗೆಕಟ್ಟೆಯ ಕೆಳಗೆ ಪಾತ್ರೆಗಳನ್ನು ಎಬ್ಬಿಸಿ ಕೂರಿಸಿದೆವು. ಪಾತ್ರೆಗಳು ಸ್ನಾನದ ಮನೆಗೆ ಹೋದವು. ಸ್ನಾನದ ಬಕೆಟು ಹೊರಗೆ ಹೋಯಿತು. ನಾಳೆಯಿಂದ ಈ ಮನೆಯಲ್ಲಿ ಬೆಳಕೇ ಬೆಳಕು ಎಂದು ನಾನು ಹೆಂಡತಿಗೆ ಭರವಸೆ ಕೊಟ್ಟೆ.

ಮಾನ್ಯರೇ, ಬೆಳಗಾಗುವಷ್ಟರಲ್ಲಿ ಎಲ್ಲ ಆರಿಹೋಗಿತ್ತು. ಫ್ರಿಜ್ಜಿನ ಕೆಳಗೆ ನೀರು ನಿಂತಿತ್ತು, ಹಾಲು ಒಡೆದಿತ್ತು, ಗೋಡೆಯ ಮೇಲಿನ ಪುಟ್ಟ ಪರದೆ ಬ್ಯಾಟರಿ ಖಾಲಿ ಎಂದು ಕೆಂಪು ಕಣ್ಣು ಮಿಟುಕಿಸುತ್ತಿತ್ತು. ಮೂವರಿದ್ದಾಗ ನಡೆದಷ್ಟೂ ಏಳು ಜನರಿದ್ದಾಗ ನಡೆಯಲಿಲ್ಲ. ಒಂದು ಕಚೇರಿಯನ್ನು ಬಲ್ಲವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲವಾದ್ದರಿಂದ ನಾನು ಗಾಬರಿಯಾಗಲಿಲ್ಲ. ಹೊಸದಾಗಿ ಸೇರಿದ ಹುಡುಗರು ಮೈಗಳ್ಳರು ಎಂಬ ತೀರ್ಮಾನಕ್ಕೆ ಅರ್ಧ ಲೋಟ ಕಾಫಿ ಮುಗಿಯುವುದರೊಳಗೆ ಬಂದೆ.

ಒಂದು ಹಾಜರಿ ಪುಸ್ತಕ ತೆರೆದು, ದಿನಾ ಬೆಳಿಗ್ಗೆ ಮೀಟರ್ ಹಿಡಿದು ಒಬ್ಬೊಬ್ಬರ ವೋಲ್ಟೇಜನ್ನೂ ಬರೆದುಕೊಳ್ಳತೊಡಗಿದೆ. ಏಳು ಮಂದಿಯೂ ಒಂದೇ ಅಂಕಿ ಹೇಳಿದರು. ಎಲ್ಲರ ಕೈಯನ್ನೂ ಒಂದೇ ತಂತಿಗೆ ಕಟ್ಟಿರುವಾಗ ಅವರು ಬೇರೆ ಬೇರೆ ಅಂಕಿ ಹೇಳುವುದು ಸಾಧ್ಯವೇ ಇಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ, ಇವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದುಕೊಂಡೆ. ಆರನೇ ನಂಬರಿನವರಿಗೆ ಕಾರಣ ಕೇಳಿ ನೋಟಿಸ್ ಅಂಟಿಸಿದೆ. ಏಳು ದಿನದಲ್ಲಿ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಹೇಳಲು ಏನೂ ಇಲ್ಲವೆಂದು ಪರಿಗಣಿಸಬೇಕಾದ್ದು ನಿಯಮ. ಸಿಬ್ಬಂದಿ ಸಾಲದೆಂದು ಷರಾ ಬರೆದು ಇನ್ನೂ ಮೂವರನ್ನು ನೇಮಿಸಿಕೊಂಡೆ. ಎಂಟು, ಒಂಬತ್ತು, ಹತ್ತನೆಯವರು ಬಂದರು. ಮಾಡಿನ ಮೇಲೆ ಪ್ಯಾನೆಲ್ ಇರುವುದು ಅದೇ ಮೂರು, ಬಿಸಿಲು ಬೀಳುವುದು ಅದೇ ಅಷ್ಟು, ಉಣ್ಣುವವರು ಮಾತ್ರ ಹತ್ತು ಎಂದು ಟೆಸ್ಟರಮ್ಮ ಎಚ್ಚರಿಸಿದ್ದನ್ನು ನಾನು ಕಡತದಲ್ಲಿ ಹಾಕಿ ಮುಚ್ಚಿಟ್ಟೆ.

ಆದರೆ ಹತ್ತು ಮಂದಿಯನ್ನು ಎಲ್ಲಿಡುವುದು? ಅಲ್ಲೊಬ್ಬರು ಇಲ್ಲೊಬ್ಬರು ಕೂತರೆ ಉದ್ದ ತಂತಿಯಲ್ಲಿ ಕರೆಂಟು ಸೋರುತ್ತದೆ, ಎಲ್ಲರೂ ಒಂದೇ ಕಡೆ, ಗಾಳಿಯಾಡುವ ಕಿಟಕಿಯ ಹತ್ತಿರ ಇರಬೇಕು. ಮನೆಯಲ್ಲಿ ಅಂಥ ಜಾಗ ಇದ್ದದ್ದು ಒಂದೇ. ಹೆಂಡತಿ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಮಂಚವನ್ನು ಎತ್ತಿ ಹೊರಗೆ ಸೂರಿನ ಕೆಳಗೆ ಒರಗಿಸಿದೆ, ಆ ಜಾಗದಲ್ಲಿ ಎರಡು ಸಾಲು ಹಲಗೆ ಹೊಡೆದು ತಮ್ಮೆಲ್ಲರನ್ನೂ ಕೂರಿಸಿದೆ. ತಮಗೆ ಕಿಟಕಿ ಪಕ್ಕದ, ಮೇಲಿನ ಸಾಲಿನ ಜಾಗ. ಹಿರಿಯರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕಲ್ಲ. ಅಕ್ಕನ ಉಸಿರಿಗೆಂದೇ ಬಂದ ಬ್ಯಾಟರಿಗಳು ಅಕ್ಕನ ಮಂಚದ ಜಾಗದಲ್ಲೇ ಕೂತವು. ಈ ಬುದ್ಧಿವಂತಿಕೆಯಲ್ಲಿ ಏನೋ ಒಂದು ಕೊರತೆಯಿದೆ ಎಂದು ನನಗೆ ಅನ್ನಿಸದಿರಲಿಲ್ಲ, ಆದರೆ ಅದು ಯಾವ ಕೊರತೆ ಎಂದು ಪಟ್ಟಿಯಲ್ಲಿ ಎಲ್ಲೂ ಸಿಗಲಿಲ್ಲ.

ಪೇಟೆಯಿಂದ ಬಂದ ಹೆಂಡತಿ ಚೀಲ ಇಳಿಸಿ, ಹೊರಗೆ ಒರಗಿಸಿದ್ದ ಮಂಚಕ್ಕೆ ಒಂದು ಹಳೆಯ ಸೀರೆ ಹೊದಿಸಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಅಕ್ಕ ಆ ವೇಳೆಗಾಗಲೇ, ಬರುವವರೆಗೆ ಆಸ್ಪತ್ರೆಯ ಬಾಡಿಗೆ ಯಂತ್ರ ಇಟ್ಟುಕೊಂಡು, ತಾನು ಕೊಂಡ ಹೊಸ ಯಂತ್ರವನ್ನು ಪಾರ್ಸೆಲ್ ಮಾಡಿ ಮುಂಗಡವಾಗಿ ಕಳಿಸಿದ್ದಳು. ಅದು ಬೆಳಗಿನವರೆಗೆ ನಡೆಯುತ್ತದೋ ಇಲ್ಲವೋ ನೋಡಲು ನನ್ನ ಹೆಂಡತಿ ಆ ಮುಖವಾಡವನ್ನು ತಾನೇ ಕಟ್ಟಿಕೊಂಡು ಮೂರು ರಾತ್ರಿ ಮಲಗಿದಳು. ಮೂರು ಸಲವೂ ಅದು ನಡುವೆಯೇ ನಿಂತಿತು, ಮೂರು ಸಲವೂ ಅವಳು ಎದ್ದು ಕೂತಳು. ಅವಳಿಗೇನು, ಮುಖವಾಡ ತೆಗೆದು ಉಸಿರಾಡಬಹುದು. ಅಕ್ಕನಿಗೆ ಎಚ್ಚರವಾಗದಿದ್ದರೆ? ಅವಳು ಮುಖವಾಡವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಡಬ್ಬಿಗೆ ಹಾಕಿಟ್ಟಳು. ನನಗೆ ಭಯವಾಯಿತು.

ಭಯವಾದಾಗ ನಾನು ಮಾಡಿದ್ದು ತಮ್ಮ ಸೇವೆಯನ್ನು ಹೆಚ್ಚಿಸಿದ್ದು. ಸೆಕೆ ತಮಗೆ ಆಗದೆಂದು ಫ್ಯಾನನ್ನು ತಮ್ಮತ್ತ ತಿರುಗಿಸಿದ್ದೆನಲ್ಲ, ಈಗ ಕಿಟಕಿಗೆ ಒದ್ದೆ ಬಟ್ಟೆಯ ಪರದೆಯನ್ನೂ ಕಟ್ಟಿದೆ. ತಮ್ಮ ತಲೆಯ ಮೇಲೆ ತಂತಿ ಕಚ್ಚುವ ಕಡೆ ಕಟ್ಟುತ್ತಿದ್ದ ಬಿಳಿ ಹುಡಿಯನ್ನು ದಿನ ಬಿಟ್ಟು ದಿನ ಹಲ್ಲುಜ್ಜುವ ಬ್ರಷ್ಷಿನಿಂದ, ಬ್ರಷ್ ನನ್ನದೇ, ಉಜ್ಜಿ ಉಜ್ಜಿ ತೆಗೆದೆ. ಮಿಕ್ಕವರು ತಿಂಗಳಿಗೊಮ್ಮೆ ಗುಟುಕು ಡಿಸ್ಟಿಲ್ಡ್ ವಾಟರ್ ಕುಡಿದರೆ ತಾವು ವಾರಕ್ಕೆ ಒಂದು ಬಾಟಲಿ ಕುಡಿಯುತ್ತಿದ್ದಿರಿ. ದುಡಿಯುವವರಿಗೆ ಬಾಯಾರಿಕೆ ಹೆಚ್ಚು ಎಂದು ನಾನು ಅದಕ್ಕೂ ಸಮಾಧಾನ ಮಾಡಿಕೊಂಡೆ. ನಿಮ್ಮಂಥವರು ಇರುವುದರಿಂದಲೇ ಈ ಬಳಗ ಇಷ್ಟಾದರೂ ನಿಂತಿದೆ ಎಂದು ತಮ್ಮ ಬೆನ್ನು ಸವರಿದ್ದೂ ಉಂಟು. ಬೆನ್ನು ತುಂಬ ಬಿಸಿಯಾಗಿತ್ತು. ಅದೂ ಪರಿಶ್ರಮದ ಲಕ್ಷಣವೆಂದೇ ಎಣಿಸಿದೆ.

ಕೊನೆಗೆ ಹೆಂಡತಿಯೇ ಹೋಗಿ ಟೆಸ್ಟರಮ್ಮನನ್ನು ಕರೆತಂದಳು. ತಮ್ಮನ್ನು ಒಂದು ಗಂಟೆ ತಂತಿಯಿಂದ ಬಿಡಿಸಲು ಕೇಳಿದಾಗ ವೈದ್ಯಕೀಯ ತಪಾಸಣೆ ಎಂಬ ನೆಲೆಯಲ್ಲಿ ಮಾತ್ರ ಒಪ್ಪಿದೆ. ಅವಳು ತಮ್ಮ ಒಳಗಿನ ಆರು ಕೋಣೆಗಳ ಆರು ಬಾಯಿಗಳಿಗೂ ಗಾಜಿನ ಕೊಳವೆ ಇಳಿಸಿ ಒಳಗಿನ ನೀರನ್ನು ಎಳೆದು ನೋಡಿದಳು. ಐದು ಬಾಯಿ ಪರವಾಗಿಲ್ಲ, ಆರನೆಯದು ಸತ್ತಿತ್ತು. ಯಾವಾಗ ಸತ್ತಿತೋ ತಮಗೇ ಗೊತ್ತು. ಅವಳು ತುರುಬಿನ ಟೆಸ್ಟರನ್ನು ಈ ಸಲ ಮುಟ್ಟಲಿಲ್ಲ.

"ಸಾರ್, ಇದು ಬ್ಯಾಟರಿ ಅಲ್ಲ, ಸೋರೋ ಬಕೆಟ್ಟು. ಉಳಿದ ಒಂಬತ್ತೂ ರಾತ್ರಿಯೆಲ್ಲ ಇದರೊಳಕ್ಕೇ ಸುರೀತಾ ಕೂತಿವೆ. ಇದನ್ನ ತೆಗೆದ್ರೆ ನಾಲ್ಕೇ ಸಾಕು ನಿಮಗೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಒಪ್ಪಲಿಲ್ಲ, ಮಾನ್ಯರೇ. ತಮ್ಮ ಪರವಾಗಿ ಎದೆ ಕೊಟ್ಟು ನಿಂತೆ. ಆರರಲ್ಲಿ ಐದು ಸರಿಯಿದ್ದರೆ ಅದು ಪ್ರಥಮ ದರ್ಜೆಯಲ್ಲವೇ ಎಂದು ಕೇಳಿದೆ. ಇನ್ನೂ ಇಪ್ಪತ್ತೆರಡು ತಿಂಗಳ ಸೇವೆ ಬಾಕಿಯಿದೆ, ವಿಚಾರಣೆಯಿಲ್ಲದೆ ತೆಗೆಯಲಾಗದು, ಬೇಕಿದ್ದರೆ ಅಕ್ಕ ಬರುವುದನ್ನೇ ಸ್ವಲ್ಪ ಮುಂದಕ್ಕೆ ಹಾಕೋಣ ಎಂದೆ. ಈ ಕೊನೆಯ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಹೆಂಡತಿ ಒಲೆ ಆರಿಸಿ ನನ್ನ ಎದುರು ಬಂದು ನಿಂತಳು.

"ಇದಕ್ಕೆ ಇಪ್ಪತ್ತೆರಡು ತಿಂಗಳು ಬಾಕಿ ಇದೆ ಅಂತ ಬರ್ಕೊಂಡಿದ್ದೀರಲ್ಲ, ನಮ್ಮಕ್ಕಂಗೆ ಎಷ್ಟು ಬಾಕಿ ಇದೆ? ಅದನ್ನ ಯಾವ ಪಟ್ಟೀಲಿ ಬರ್ಕೊಂಡಿದ್ದೀರಿ?"

ನಾನು ಟೆಸ್ಟರಮ್ಮನ ಕಡೆ ತಿರುಗಿದೆ. ತಮ್ಮನ್ನು ಮತ್ತೆ ತಂತಿಗೆ ಜೋಡಿಸಲು ಹೇಳಿದೆ.

ಮುಂದಿನ ಮೂರು ದಿನ ನನ್ನ ಹೆಂಡತಿ ನನ್ನ ತಟ್ಟೆಯನ್ನು ಅಟ್ಟದ ಏಣಿಯ ಬುಡದಲ್ಲಿಟ್ಟು ಹೋಗುತ್ತಿದ್ದಳು. ಆದರೆ ಆ ಮೂರು ದಿನ ಮನೆಯಲ್ಲಿ ಪವಾಡವೇ ನಡೆಯಿತು. ಬೆಳಗಾದರೂ ದೀಪ ಉರಿಯುತ್ತಿತ್ತು. ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟಿತು, ಈ ಮನೆಗೆ ಬಂದ ಮೇಲೆ ಮೊದಲ ಬಾರಿಗೆ. ಪರೀಕ್ಷೆಗೆಂದು ರಾತ್ರಿ ಹಚ್ಚಿಟ್ಟ ಅಕ್ಕನ ಯಂತ್ರ ಹಾಲಿನವನು ಬರುವವರೆಗೂ ಊದುತ್ತಲೇ ಇತ್ತು. ಗೋಡೆಯ ಪರದೆ ಹಸಿರಾಗಿತ್ತು. ಆರೋಪ ಹೊತ್ತ ಹಿರಿಯರು ಅವಮಾನಕ್ಕೆ ಸಿಡಿದೆದ್ದು ಯೌವನ ತಂದುಕೊಂಡಿದ್ದಾರೆ ಎಂದು ನನಗೆ ಕಣ್ಣಲ್ಲಿ ನೀರೇ ಬಂತು. ಮೂರನೆಯ ದಿನ ಒಳ್ಳೆಯ ಕಾಗದದ ಮೇಲೆ ಒಂದು ಪ್ರಶಂಸಾಪತ್ರ ಬರೆದೆ. ಇಳಿವಯಸ್ಸಿನಲ್ಲೂ ಕುಂದದ ಕರ್ತವ್ಯನಿಷ್ಠೆಯಿಂದ ಇಡೀ ಬಳಗವನ್ನು ಮುನ್ನಡೆಸಿ ಕಿರಿಯರಿಗೆ ಮಾದರಿಯಾದ ಒಂದನೇ ನಂಬರಿನವರಿಗೆ ಎಂದೆಲ್ಲ ಬರೆದು, ಸಹಿ ಮಾಡಿ, ತಮ್ಮ ಎದೆಗೆ ಅಂಟಿಸಿದೆ. ಹೆಂಡತಿಯನ್ನು ಕರೆದು ತೋರಿಸಿದೆ.

ಅವಳು ಓದಿದಳು. ಪೂರ್ತಿ ಓದಿದಳು. ಆಮೇಲೆ ತಮ್ಮ ಹಿಂದೆ ಕೈ ಹಾಕಿ, ತಂತಿಯ ಒಂದು ತುದಿಯನ್ನು ಹೊರಗೆಳೆದು ನನ್ನ ಮುಂದೆ ಹಿಡಿದಳು. ಅದರ ತುದಿಗೆ ಅಡುಗೆಮನೆಯ ಮಸಿಬಟ್ಟೆ ಸುತ್ತಿ ದಾರದಲ್ಲಿ ಬಿಗಿದಿತ್ತು. ಮೂರು ದಿನದಿಂದ ಅದು ತಮಗೆ ತಾಗಿಯೇ ಇರಲಿಲ್ಲ.

ಮಾನ್ಯರೇ, ಇಲ್ಲಿಯವರೆಗೆ ಬರೆದದ್ದೆಲ್ಲ ದೂರು. ಇನ್ನು ಮುಂದಿನದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ, ನಮೂನೆ ಸಿಗಲಿಲ್ಲ.

ಆ ಬಟ್ಟೆ ಸುತ್ತಿದ ತಂತಿಯನ್ನು ನೋಡುತ್ತಾ ನಿಂತಾಗ ನನಗೆ ನೆನಪಾದದ್ದು ನನ್ನ ಬೀಳ್ಕೊಡುಗೆಯ ದಿನ. ಪೊರೆ ತೆಗೆಸುವ ಮೊದಲು, ಕೊನೆಯ ಎರಡು ವರ್ಷ ನನ್ನ ಕಣ್ಣು ಮಂಜಾಗಿತ್ತು, ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆದರೂ ಸಂಜೆ ಅನುಮಾನದಲ್ಲೇ ಬಿಟ್ಟುಹೋದ ಪಟ್ಟಿ ಬೆಳಿಗ್ಗೆ ಬಂದು ನೋಡಿದರೆ ಸರಿಯಾಗಿರುತ್ತಿತ್ತು. ನಿನ್ನೆ ನಾನೇ ಸರಿಮಾಡಿರಬೇಕು, ಅಭ್ಯಾಸ ಬಲ ಎಂದುಕೊಳ್ಳುತ್ತಿದ್ದೆ. ಪಕ್ಕದ ಮೇಜಿನ ಹೆಣ್ಣುಮಗಳು ಎರಡು ವರ್ಷ ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಕೂತು ಏನು ಬರೆಯುತ್ತಿದ್ದಳೆಂದು ನಾನು ಕೇಳಿರಲಿಲ್ಲ. ಬೀಳ್ಕೊಡುಗೆಯ ದಿನ ಅವಳೇ ಎದ್ದು ನಿಂತು, ಸಾರ್ ಅವರ ಪಟ್ಟಿಯಲ್ಲಿ ಎರಡು ವರ್ಷದಿಂದ ಒಂದೇ ಒಂದು ತಪ್ಪು ಬಂದಿಲ್ಲ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಅವಳ ಬಡ್ತಿ ನನ್ನ ಕುರ್ಚಿ ಖಾಲಿಯಾಗುವುದಕ್ಕೇ ಕಾಯುತ್ತಿತ್ತು. ಆ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಅವಳ ಹೆಸರನ್ನು ಬರೆದವನು ನಾನೇ. ಅಂದರೆ, ಬರೆದವಳು ಅವಳೇ. ನಾಚಿಕೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಅವಳಿಗೊಂದು ಕಾಗದ ಬರೆದು ಹಾಕಿದೆ. ಅರ್ಧ ಪುಟ. ಅದರಲ್ಲಿ ಯಾವ ನಿಯಮವನ್ನೂ ಉಲ್ಲೇಖಿಸಿಲ್ಲ.

ಆದ್ದರಿಂದ ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ತಮ್ಮನ್ನು ನನ್ನಷ್ಟು ಅರ್ಥಮಾಡಿಕೊಂಡವರು ಇನ್ನೊಬ್ಬರಿಲ್ಲ. ಒಳಗೊಂದು ಕೋಣೆ ಆರಿಹೋಗಿದೆ ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟ, ಯಾರೋ ಸುರಿದದ್ದನ್ನು ಕುಡಿದು ಬೆನ್ನು ಬಿಸಿ ಮಾಡಿಕೊಂಡು ಕೂರುವುದು ಎಷ್ಟು ಹಾಯಿ, ಎರಡೂ ಗೊತ್ತು. ಆದರೆ ಅಕ್ಕ ನಾಳೆ ಬರುತ್ತಾಳೆ. ಇಷ್ಟು ವರ್ಷ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿಕೊಡುತ್ತಲೇ ಕೂತಿದ್ದವಳು ಅವಳು. ಅವಳು ಮಲಗಬೇಕು, ಮಲಗಿದ ಮೇಲೆ ಏಳಲೂ ಬೇಕು.

ಟೆಸ್ಟರಮ್ಮ ಸಂಜೆ ಕೈಗಾಡಿ ತರುತ್ತಾಳೆ. ನಾಲ್ಕರಿಂದ ಏಳನೇ ನಂಬರಿನವರು ಮಾತ್ರ ಬೆಂಚಿನ ಕೆಳಗೆ ಮರಳುತ್ತಾರೆ. ಎರಡು, ಮೂರನೆಯವರು ಒಟ್ಟಿಗೆ ಸೇರಿದವರಾದ್ದರಿಂದ ಒಟ್ಟಿಗೇ ಆಕೆಯ ವರ್ಕ್‌ಶಾಪಿನ ದೀಪಕ್ಕೆ ಹೋಗುತ್ತಾರೆ. ಎಂಟು, ಒಂಬತ್ತು, ಹತ್ತನೆಯವರು ಅಂಗಡಿಗೆ ವಾಪಸು. ಉಳಿದ ನಾಲ್ವರೂ ಒಂದೇ ದಿನ, ಒಂದೇ ಗಾಡಿಯಲ್ಲಿ ಬಂದವರು. ಅವರಲ್ಲಿ ಹಿರಿಯರು ಯಾರೆಂದು ನಿರ್ಧರಿಸಲು ನನ್ನ ಕೈ ಕಡಿಯುತ್ತಿದೆ, ತಯಾರಿಕೆಯ ಕ್ರಮಸಂಖ್ಯೆ ಇದ್ದೇ ಇದೆ. ಆದರೆ ಹೆಂಡತಿ ಬಿಳಿ ಬಣ್ಣದ ಡಬ್ಬಿಯನ್ನು ಬಚ್ಚಿಟ್ಟಿದ್ದಾಳೆ.

ತಮ್ಮಲ್ಲಿ ಕೆಲವು ಪ್ರಾರ್ಥನೆಗಳು ಉಳಿದಿವೆ. ತಮ್ಮ ತೂಕ ನನ್ನ ಹೆಂಡತಿಯ ತೂಕಕ್ಕಿಂತ ಒಂದೂವರೆ ಕಿಲೋ ಹೆಚ್ಚಿರುವುದರಿಂದ, ನನ್ನ ಸೊಂಟ ಹಿಡಿದುಕೊಂಡಿರುವುದರಿಂದ, ಸಾಧ್ಯವಾದರೆ ಬಾಗಿಲವರೆಗೆ ತಾವೇ ನಡೆದು ಬರಬೇಕು. ಹದಿನಾಲ್ಕು ತಿಂಗಳಲ್ಲಿ ಕಿರಿಯರಿಂದ ಕುಡಿದ ಕರೆಂಟನ್ನು ಅನುಕೂಲವಾದಾಗ ಕಂತಿನಲ್ಲಿ ಹಿಂತಿರುಗಿಸಬೇಕು, ಮೋಡದ ದಿನಗಳಲ್ಲಾದರೆ ವಿಶೇಷ ಸಂತೋಷ. ಆರನೇ ನಂಬರಿನವರಿಗೆ ನಾನು ಅಂಟಿಸಿದ ನೋಟಿಸಿಗೆ ಅವರ ಬದಲಾಗಿ ತಾವು ಉತ್ತರ ಬರೆಯಬೇಕು. ಸತ್ತ ಆ ಆರನೇ ಕೋಣೆಯ ಮರಣ ದಿನಾಂಕವನ್ನು ನೆನಪು ಮಾಡಿಕೊಂಡು ತಿಳಿಸಿದರೆ ಹಾಜರಿ ಪುಸ್ತಕವನ್ನು ತಿದ್ದುತ್ತೇನೆ. ಹಾಗೂ ಗುಜರಿಯವನು ತಮ್ಮನ್ನು ಒಡೆದು ಸೀಸ ತೆಗೆದು ಹೊಸ ಬ್ಯಾಟರಿ ಮಾಡಲು ಕಳಿಸುತ್ತಾನಂತೆ. ಆ ಮರುಜನ್ಮದಲ್ಲಿ ಯಾರದಾದರೂ ಮನೆಗೆ ಸೇರಿದಾಗ, ತಾವು ಅತ್ಯಂತ ಕಿರಿಯರು ಎಂಬುದನ್ನು ಮೊದಲ ದಿನದಿಂದಲೇ ನೆನಪಿಡಬೇಕು.

ಪ್ರಶಂಸಾಪತ್ರವನ್ನು ಮಾತ್ರ ತಾವೇ ಇಟ್ಟುಕೊಳ್ಳಬಹುದು. ನನ್ನದನ್ನೂ ಯಾರೂ ವಾಪಸು ಕೇಳಲಿಲ್ಲ.

ತಮ್ಮ ವಿಶ್ವಾಸಿ,
ಜ್ಯೇಷ್ಠತಾ ಪಟ್ಟಿ ಶಾಖೆಯ ನಿವೃತ್ತ ಗುಮಾಸ್ತ,
ಹಾಲಿ ವಾಸ್ತವ್ಯ: ತಮ್ಮ ತಲೆಯ ಮೇಲಿನ ಅಟ್ಟ

ತಾ.ಕ.: ಮೂರು ದಿನ ಕಳೆದು ಇದನ್ನು ಸೇರಿಸುತ್ತಿದ್ದೇನೆ, ಗುಜರಿ ಅಂಗಡಿಯ ವಿಳಾಸಕ್ಕೆ ಕಳಿಸುತ್ತೇನೆ. ಅಕ್ಕ ಬಂದಳು. ಮಂಚ ಒಳಗೆ ಬಂತು. ಎರಡು ರಾತ್ರಿಯೂ ಯಂತ್ರ ಒಂದು ಕ್ಷಣ ನಿಲ್ಲದೆ ಊದಿತು, ಅಕ್ಕ ಎಂಟು ಗಂಟೆಯವರೆಗೆ ಮಲಗಿದಳು, ನನ್ನ ಹೆಂಡತಿ ಅಷ್ಟೂ ಹೊತ್ತು ಪಕ್ಕದಲ್ಲಿ ಕೂತು ಆ ಹೊದಿಕೆ ಏರಿಳಿಯುವುದನ್ನು ನೋಡುತ್ತಿದ್ದಳು. ತಾವು ಕೂತಿದ್ದ ಕಿಟಕಿ ಪಕ್ಕದ ಜಾಗದಲ್ಲಿ, ಮಂಚದ ಕೆಳಗೆ, ಈಗ ಅಕ್ಕನ ಚಪ್ಪಲಿ ಇಟ್ಟಿದ್ದೇವೆ. ರಾತ್ರಿಯಿಡೀ ಅವೂ ಏನೂ ಕೆಲಸ ಮಾಡುವುದಿಲ್ಲ ನಿಜ. ಆದರೆ ಸುಮ್ಮನೆ ಇರುವುದಕ್ಕೆ ಅವಕ್ಕೆ ಒಂಬತ್ತು ಜನ ಬೇಕಾಗುವುದಿಲ್ಲ.